ಊದಿದ ಮಂಡಿಯಿಂದ ಜಿಲ್ಲಾಸ್ಪತ್ರೆಯ ತನಕ

ಕೇಳುಗರಿಗೆ ನಮಸ್ಕಾರ.

ನನ್ನ ತಮ್ಮನಿಗೆ ಆರು ವರ್ಷವಾಗಿದ್ದಾಗ ಒಂದು ಸಂಜೆ ಅವನ ಬಲಮಂಡಿ ಊದಿಕೊಂಡಿತು. ಅವನು ಎಲ್ಲಿಯೂ ಬಿದ್ದಿರಲಿಲ್ಲ, ಯಾರೂ ಹೊಡೆದಿರಲಿಲ್ಲ. ನಮ್ಮಜ್ಜಿ ಹರಳೆಣ್ಣೆಯನ್ನು ಬೆಚ್ಚಗೆ ಮಾಡಿ, ಅವನಿಗೆ ನಿದ್ದೆ ಹತ್ತುವ ತನಕ ನೀವುತ್ತ ಕುಳಿತಿದ್ದರು. ಬೆಳಗಾಗುವ ಹೊತ್ತಿಗೆ ಮಂಡಿ ತೆಂಗಿನಕಾಯಿಯಷ್ಟಾಗಿ, ಕಾಲು ಅರ್ಧ ಮಡಚಿದಂತೆಯೇ ನಿಂತುಬಿಟ್ಟಿತ್ತು. ಒಳಗೆ ರಕ್ತ ಸೋರುತ್ತಿರುವ ಕೀಲಿಗೆ ಬಿಸಿಯಾಗಲಿ ತಿಕ್ಕುವುದಾಗಲಿ ಕೂಡದು, ಐಸ್ ಇಡಬೇಕು ಎಂಬುದು ನಮ್ಮ ಮನೆಯವರಿಗೆ ಗೊತ್ತಾಗಲು ಮುಂದೆ ಎರಡು ವರ್ಷ ಬೇಕಾಯಿತು. ಆ ಎರಡು ವರ್ಷವೂ ಅಜ್ಜಿ ಅಷ್ಟೇ ಅಕ್ಕರೆಯಿಂದ ಎಣ್ಣೆ ನೀವಿದರು.

ತಮ್ಮನಿಗೆ ಇರುವುದು ಹಿಮೋಫಿಲಿಯಾ. ಕನ್ನಡದಲ್ಲಿ ಇದನ್ನು ಕುಸುಮ ರೋಗ ಎಂದೂ ಕರೆಯುತ್ತಾರೆ. ರಕ್ತ ಹೆಪ್ಪುಗಟ್ಟಲು ಬೇಕಾದ ಹಲವು ಅಂಶಗಳಲ್ಲಿ ಎಂಟನೆಯದು ಕೊರತೆಯಾದರೆ ಅದು ಎ ಬಗೆ, ಒಂಬತ್ತನೆಯದಾದರೆ ಬಿ ಬಗೆ. ಎ ಬಗೆಯದು ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಬರುತ್ತದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಮೂರು ಕೋಟಿಗೂ ಮಿಕ್ಕಿ ಗಂಡಸರಿದ್ದಾರೆ. ಆ ಲೆಕ್ಕದಲ್ಲಿ ಈ ಒಂದು ಬಗೆಯವರೇ ಸ್ಥೂಲವಾಗಿ ಆರು ಸಾವಿರ ಮಂದಿ ಇರಬೇಕು. ಆದರೆ ನಮ್ಮ ದೇಶದಲ್ಲಿ ಇರಬೇಕಾದವರಿಗಿಂತ ಗುರುತಿಗೆ ಸಿಕ್ಕವರು ಬಹಳ ಕಡಿಮೆ. ಉಳಿದವರು ಎಲ್ಲಿ ಹೋದರು ಎಂದು ಕೇಳಿದರೆ ನನಗೆ ನೆನಪಾಗುವುದು ನಮ್ಮ ಮನೆಯ ಆ ಎರಡು ವರ್ಷಗಳೇ. ಹಲ್ಲು ಬಿದ್ದಾಗ ಮೂರು ದಿನ ರಕ್ತ ನಿಲ್ಲದ ಹುಡುಗನನ್ನು ಮೊದಲು ದೇವರಿಗೆ, ಆಮೇಲೆ ನಾಟಿ ವೈದ್ಯರಿಗೆ, ಕೊನೆಗೆ ಡಾಕ್ಟರಿಗೆ ತೋರಿಸುತ್ತಾರೆ. ಎಪಿಟಿಟಿ ಎಂಬ ಸಾಮಾನ್ಯ ರಕ್ತಪರೀಕ್ಷೆಯಲ್ಲಿಯೇ ಅನುಮಾನ ಹುಟ್ಟುತ್ತದೆ. ಆದರೆ ಯಾವ ಅಂಶ, ಎಷ್ಟು ಕಡಿಮೆ ಎಂದು ಅಳೆಯುವ ಪ್ರಯೋಗಾಲಯಗಳು ದೊಡ್ಡ ಊರುಗಳಲ್ಲಿ ಮಾತ್ರ ಇವೆ. ಬೆಂಗಳೂರಿನಲ್ಲಿ ಹುಟ್ಟಿದ ಮಗುವಿಗೆ ಅಂಬೆಗಾಲಿಡುವಾಗಲೇ ತಿಳಿಯಬಹುದಾದದ್ದು ನಮ್ಮ ಹಳ್ಳಿಯ ಮಗುವಿಗೆ ಒಂದು ಕಾಲು ಸೊಟ್ಟಗಾದ ಮೇಲೆ ತಿಳಿಯುತ್ತದೆ.

ಈ ಕಾಯಿಲೆಗೆ ಮದ್ದಿಲ್ಲ ಎಂದು ನಂಬಿ ಕೈಚೆಲ್ಲಿದ ಎಷ್ಟೋ ಕುಟುಂಬಗಳನ್ನು ನಾನು ಕಂಡಿದ್ದೇನೆ. ಆದರೆ ಮದ್ದು ಇದೆ. ಕೊರತೆಯಾದ ಅಂಶವನ್ನೇ ಪುಡಿಯ ರೂಪದಲ್ಲಿ ಸಣ್ಣ ಬಾಟಲಿಯಲ್ಲಿ ತುಂಬಿರುತ್ತಾರೆ. ನಾವೆಲ್ಲ ಅದನ್ನು ಫ್ಯಾಕ್ಟರ್ ಎನ್ನುತ್ತೇವೆ. ಅದಕ್ಕೆ ಜೊತೆಯಲ್ಲಿ ಬರುವ ನೀರನ್ನು ಬೆರೆಸಿ, ನೊರೆ ಬಾರದಂತೆ ಮೆಲ್ಲಗೆ ತಿರುಗಿಸಿ, ಪುಡಿ ಪೂರ್ತಿ ಕರಗಿದ ಮೇಲೆ ನರಕ್ಕೆ ನಿಧಾನವಾಗಿ ಕೊಡಬೇಕು. ನಮ್ಮ ರಾಜ್ಯದ ಜಿಲ್ಲಾಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಬಡವರ ಮಕ್ಕಳ ಪಾಲಿಗೆ ಇದು ಸಣ್ಣ ಸಂಗತಿಯಲ್ಲ. ಇದಕ್ಕಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದವರ ಋಣ ನಮ್ಮ ಮೇಲಿದೆ. ಸ್ವತಃ ಹಿಮೋಫಿಲಿಯಾದೊಂದಿಗೆ ಹುಟ್ಟಿ ವೈದ್ಯರಾದ ದಾವಣಗೆರೆಯ ಡಾ. ಸುರೇಶ್ ಹನಗವಾಡಿಯವರು ಕಟ್ಟಿ ಬೆಳೆಸಿದ ಸಂಸ್ಥೆಯನ್ನು ಮಧ್ಯ ಕರ್ನಾಟಕದ ನಮ್ಮಂಥವರು ಕೃತಜ್ಞತೆಯಿಂದ ನೆನೆಯುತ್ತೇವೆ.

ಹೀಗಿದ್ದೂ, ಉಚಿತ ಎಂಬ ಮಾತಿಗೂ ಕೈಗೆ ಸಿಗುವುದಕ್ಕೂ ನಡುವೆ ಒಂದು ದಾರಿ ಇದೆ, ಆ ದಾರಿ ಎಲ್ಲರಿಗೂ ಒಂದೇ ಉದ್ದದ್ದಲ್ಲ. ಕೀಲಿನಲ್ಲಿ ರಕ್ತಸ್ರಾವ ಶುರುವಾದ ಎರಡು ಗಂಟೆಯೊಳಗೆ ಫ್ಯಾಕ್ಟರ್ ಸಿಕ್ಕರೆ ಒಳ್ಳೆಯದು ಎನ್ನುತ್ತಾರೆ. ಮಂಡಿಯೊಳಗೆ ಮೊದಲು ಜುಮುಗುಟ್ಟಿದಂತಾಗುತ್ತದೆ, ಊತ ಕಾಣುವುದು ಆಮೇಲೆ. ತಮ್ಮ ಅದನ್ನು ‘ಅಕ್ಕಾ, ಇರುವೆ ಹರಿದಂಗಾಗ್ತಿದೆ’ ಎಂದು ಹೇಳುತ್ತಿದ್ದ. ರಾತ್ರಿ ಒಂಬತ್ತಕ್ಕೆ ಅವನು ಹಾಗೆಂದರೆ ನಮ್ಮೂರಿನಿಂದ ಬಸ್ಸು ಇದ್ದದ್ದು ಬೆಳಗ್ಗೆ ಆರೂವರೆಗೆ. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಅಪ್ಪ ಓಡಿಹೋಗಿ ಅಂಗಡಿಯವರನ್ನು ಎಬ್ಬಿಸಿ ಐಸ್ ಕ್ಯಾಂಡಿ ತರುತ್ತಿದ್ದರು, ನಾನು ಅವನ್ನು ಟವೆಲಿನಲ್ಲಿ ಸುತ್ತಿ ಮಂಡಿಯ ಮೇಲೆ ಹಿಡಿದು ಕೂರುತ್ತಿದ್ದೆ. ಕರಗಿದ ಬಣ್ಣದ ನೀರು ಚಾಪೆಯ ಮೇಲೆ ಹರಿಯುತ್ತಿತ್ತು. ಬೆಳಗ್ಗೆ ಅವನನ್ನು ಹೊತ್ತು ಆಸ್ಪತ್ರೆ ಮುಟ್ಟಿದರೆ ಅಪ್ಪನ ಒಂದು ದಿನದ ಕೂಲಿ ಹೋದಂತೆಯೇ. ಅಲ್ಲಿ ತೂಕ ನೋಡಿ ಲೆಕ್ಕ ಹಾಕುತ್ತಾರೆ: ಎಂಟನೆಯ ಅಂಶವಾದರೆ ಕಿಲೋಗೆ ಒಂದು ಯೂನಿಟ್ ಕೊಟ್ಟಾಗ ರಕ್ತದಲ್ಲಿ ಅದರ ಮಟ್ಟ ಶೇ 2ರಷ್ಟು ಏರುತ್ತದೆ. ಮೂವತ್ತು ಕಿಲೋ ತೂಗುವ ಹುಡುಗನಿಗೆ ಶೇ 40ರವರೆಗೆ ಏರಿಸಬೇಕೆಂದರೆ 600 ಯೂನಿಟ್ ಬೇಕು. ಒಂದು ದಿನ ಆಸ್ಪತ್ರೆಯೊಂದರ ಫ್ರಿಜ್ಜಿನಲ್ಲಿ ಉಳಿದಿದ್ದದ್ದು 250ರ ಒಂದೇ ಬಾಟಲಿ. ‘ಇಂಡೆಂಟ್ ಹಾಕಿದ್ದೇವೆ, ಬಂದಿಲ್ಲಮ್ಮ’ ಎಂದ ಆ ಸಿಸ್ಟರ್ ಮುಖದಲ್ಲಿಯೂ ನೋವಿತ್ತು. ಇದ್ದಷ್ಟನ್ನೇ ಹಾಕಿಸಿಕೊಂಡು ಮರಳಿದೆವು. ಇಂದು ಅವನ ಬಲಗಾಲು ಎಡಗಾಲಿಗಿಂತ ಗಿಡ್ಡವಾಗಿ, ನಡಿಗೆ ಕುಂಟಾಗಿರುವುದು ಇಂಥ ಹಲವು ರಾತ್ರಿಗಳ ಫಲ.

ಶ್ರೀಮಂತ ದೇಶಗಳಲ್ಲಿ ರಕ್ತ ಸೋರಿದ ಮೇಲೆ ಓಡುವುದಿಲ್ಲ, ಸೋರದಂತೆಯೇ ವಾರಕ್ಕೆ ಎರಡು ಮೂರು ಸಲ ಫ್ಯಾಕ್ಟರ್ ಕೊಡುತ್ತಾರೆ. ಅಲ್ಲಿ ಹುಡುಗರು ಈಜುತ್ತಾರೆ, ಸೈಕಲ್ ಹೊಡೆಯುತ್ತಾರೆ. ಎಮಿಸಿಜುಮ್ಯಾಬ್ ಎಂಬ ಹೊಸ ಔಷಧಿ ಬಂದ ಮೇಲಂತೂ ಎ ಬಗೆಯವರಿಗೆ ನರ ಹುಡುಕುವ ಕಷ್ಟವೂ ತಪ್ಪಿದೆ. ಚರ್ಮದ ಕೆಳಗೆ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಚುಚ್ಚಿದರೆ ಸಾಕು. ನೆರೆಯ ಕೇರಳ ಸರ್ಕಾರ ಇದನ್ನು 18 ವರ್ಷದೊಳಗಿನ ಮಕ್ಕಳಿಗೆ ಉಚಿತವಾಗಿ ಕೊಡಲು 2024ರಲ್ಲಿ ನಿರ್ಧರಿಸಿತು. ಗಡಿಯ ಆಚೆಗೋ ಈಚೆಗೋ ಹುಟ್ಟಿದ ಮಾತ್ರಕ್ಕೆ ಒಂದು ಮಗುವಿನ ಮಂಡಿಯ ಹಣೆಬರಹ ಬದಲಾಗಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಐವರು ರೋಗಿಗಳಿಗೆ, ಕೊರತೆಯಾದ ಅಂಶವನ್ನು ದೇಹವೇ ತಯಾರಿಸುವಂತೆ ಸರಿಯಾದ ಜೀನನ್ನು ಸೇರಿಸುವ ಜೀನ್ ಚಿಕಿತ್ಸೆ ಮಾಡಿ, ಅವರ ರಕ್ತಸ್ರಾವ ನಿಂತುದನ್ನು 2024ರ ಕೊನೆಯಲ್ಲಿ ಪ್ರಕಟಿಸಿದ್ದಾರೆ. ಓದಿ ಬಹಳ ಸಂತೋಷಪಟ್ಟೆ. ಆದರೆ ತಾಲ್ಲೂಕು ಆಸ್ಪತ್ರೆಯ ಫ್ರಿಜ್ಜಿನಲ್ಲಿ ಸದಾ ನಾಲ್ಕು ಬಾಟಲಿ ಫ್ಯಾಕ್ಟರ್ ಇಟ್ಟು, ಅದನ್ನು ಕೊಡಲು ಒಬ್ಬ ಸಿಸ್ಟರಿಗೆ ತರಬೇತಿ ಕೊಡುವುದಕ್ಕೆ ಯಾವ ಹೊಸ ಸಂಶೋಧನೆಯೂ ಬೇಕಿಲ್ಲ; ತಾಯಿಗೋ ಹುಡುಗನಿಗೋ ಮನೆಯಲ್ಲೇ ಚುಚ್ಚಿಕೊಳ್ಳಲು ಕಲಿಸಿದರೆ ಆ ಬಸ್ಸಿನ ದಾರಿಯೇ ತಪ್ಪುತ್ತದೆ. ನನ್ನ ತಮ್ಮ ಹದಿನೈದನೆಯ ವಯಸ್ಸಿಗೆ ಕಲಿತ.

ಇನ್ನೊಂದು ಮಾತನ್ನು ಹೆಣ್ಣುಮಗಳಾಗಿ ಹೇಳಲೇಬೇಕು. ಈ ಕಾಯಿಲೆಯ ದೋಷವಿರುವ ಜೀನ್ ಸಾಮಾನ್ಯವಾಗಿ ತಾಯಿಯಿಂದ ಮಗನಿಗೆ ಬರುತ್ತದೆ ಎಂದು ತಿಳಿದ ದಿನದಿಂದ ನಮ್ಮಮ್ಮ ಊರಿನ ಬಾಯಲ್ಲಿ ‘ಕೆಟ್ಟ ರಕ್ತದವಳು’ ಆದಳು. ಸುಮಾರು ಮೂರನೆಯ ಒಂದು ಭಾಗದಷ್ಟು ಪ್ರಕರಣಗಳಲ್ಲಿ ವಂಶದಲ್ಲಿ ಯಾರಿಗೂ ಇರದೆ ಹೊಸದಾಗಿಯೇ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಅವಳಿಗೆ ಯಾರೂ ಹೇಳಲಿಲ್ಲ. ನನಗೂ ತಿಂಗಳ ಮುಟ್ಟು ಹತ್ತು ದಿನ ನಿಲ್ಲುತ್ತಿರಲಿಲ್ಲ. ಹೆಣ್ಣಿಗೆ ಅದು ಸಹಜವೆಂದು ಎಲ್ಲರೂ ಸುಮ್ಮನಿದ್ದರು. ನನ್ನ ರಕ್ತದಲ್ಲಿಯೂ ಎಂಟನೆಯ ಅಂಶ ಕಡಿಮೆ ಎಂದು ಪತ್ತೆಯಾದದ್ದು ಮೊದಲ ಹೆರಿಗೆಯಲ್ಲಿ ಜೀವಕ್ಕೆ ಬಂದಾಗ. ತಮ್ಮನಿಗೆ ರೋಗ ತಿಳಿದ ದಿನವೇ ಅಕ್ಕನ ರಕ್ತವನ್ನೂ ಒಂದು ಸೂಜಿಯಷ್ಟು ತೆಗೆದು ನೋಡಬಹುದಿತ್ತು.

ಈ ಮಾತು ಕೇಳುತ್ತಿರುವ ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಪೆಟ್ಟಿಲ್ಲದೆ ಕೀಲು ಊದುವ, ಚಿಕ್ಕ ಗಾಯಕ್ಕೂ ಗಂಟೆಗಟ್ಟಲೆ ರಕ್ತ ಸೋರುವ ಮಗುವಿದ್ದರೆ ಬಿಸಿ ಎಣ್ಣೆ ಹಚ್ಚಬೇಡಿ, ನೀವಿಸಬೇಡಿ, ಮಾಂಸಖಂಡಕ್ಕೆ ಇಂಜೆಕ್ಷನ್ ಮಾಡಿಸಬೇಡಿ, ಆಸ್ಪಿರಿನ್ ಮಾತ್ರೆ ಕೊಡಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು ಕಾಲನ್ನು ಅಲುಗಾಡಿಸದೆ ಮಲಗಿಸಿ, ಬೆಳಗಾಗಲೆಂದು ಕಾಯದೆ ಜಿಲ್ಲಾಸ್ಪತ್ರೆಗೆ ಕರೆದೊಯ್ದು ಎಪಿಟಿಟಿ ಪರೀಕ್ಷೆ ಮಾಡಿಸಿ ಎಂದು ಕೇಳಿ. ಮಗುವಿಗೆ ಅಕ್ಕತಂಗಿಯರಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ನಮಸ್ಕಾರ.