ಕಟ್ಟಿಸಿದವರು, ಕಟ್ಟಿದವರು

ಎಲ್ಲರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೊ ಕೇಳುತ್ತಿರುವವರು ಯಾರು ಅಂತ ನನಗೊಂದು ಅಂದಾಜಿದೆ. ಊಟ ಮುಗಿಸಿ ಕುರ್ಚಿಗೆ ಒರಗಿಕೊಂಡವರು. ಮಗನೋ ಮಗಳೋ ಜರ್ಮನಿಯಲ್ಲಿ, ನೆದರ್ಲೆಂಡ್ಸ್‌ನಲ್ಲಿ ಕೆಲಸದಲ್ಲಿದ್ದಾರೆ, "ಈ ಬೇಸಿಗೆಗಾದರೂ ಬನ್ನಿ ಅಪ್ಪಾ" ಅಂತ ಕರೆಯುತ್ತಿದ್ದಾರೆ. ಹೋಗಿ. ಪ್ಯಾರಿಸ್ ನೋಡಿ, ಸ್ವಿಟ್ಜರ್ಲೆಂಡಿನ ಹಿಮ ನೋಡಿ, ಯಾರು ಬೇಡ ಅಂದರು? ಆದರೆ ಮೂರು ದಿನ ಉಳಿಸಿಕೊಂಡು ಬಲ್ಗೇರಿಯಾಕ್ಕೂ ಹೋಗಿ ಬನ್ನಿ ಅಂತ ಕೇಳಿಕೊಳ್ಳುವುದಕ್ಕೇ ನಾನಿವತ್ತು ಇಲ್ಲಿ ಬಂದು ಕೂತಿರುವುದು. ಅದರಲ್ಲಿ ಒಂದು ಪೂರ್ತಿ ದಿನ ಬುಜ್ಲುಜಾ ಅನ್ನುವ ಬೆಟ್ಟಕ್ಕೆ ಮೀಸಲಿಡಿ. ಅದರ ನೆತ್ತಿಯ ಮೇಲೆ ಕಮ್ಯುನಿಸ್ಟ್ ಕಾಲದ ಒಂದು ದೊಡ್ಡ ಸ್ಮಾರಕ ಇದೆ.

ಮೂವತ್ತು ವರ್ಷ ಮಕ್ಕಳಿಗೆ ಶಿಲ್ಪ, ಭಿತ್ತಿಚಿತ್ರ ಪಾಠ ಮಾಡಿದವನು ನಾನು. ರಾಜಕೀಯದವನಲ್ಲ. ಕಮ್ಯುನಿಸ್ಟ್ ಕಾಲದ ಸ್ಮಾರಕ ಅಂದ ಕೂಡಲೇ ಜನ ಎರಡು ಗುಂಪಾಗಿಬಿಡುತ್ತಾರೆ. ಒಬ್ಬರು ಮುಷ್ಟಿ ಎತ್ತುತ್ತಾರೆ, ಇನ್ನೊಬ್ಬರು ಮುಖ ತಿರುಗಿಸುತ್ತಾರೆ. ಇಬ್ಬರೂ ಆ ಗೋಡೆಯ ಹತ್ತಿರ ಹೋಗಿ ನೋಡಿರುವುದಿಲ್ಲ. ನಾನು ಹೇಳುವುದು ಒಂದೇ ಮಾತು. ಇಂಥ ಜಾಗಕ್ಕೆ ಹೋದಾಗ ಕಟ್ಟಿಸಿದವರನ್ನು ಸ್ವಲ್ಪ ಬದಿಗಿಟ್ಟು, ಕಟ್ಟಿದವರನ್ನು ನೋಡಿ. ಇವತ್ತು ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ರಾಜಧಾನಿ ಸೋಫಿಯಾದಿಂದ ಬೆಳಿಗ್ಗೆ ವ್ಯಾನ್ ಹೊರಡುತ್ತದೆ. ಏಳೆಂಟು ಜನ, ಒಬ್ಬ ಗೈಡ್, ಒಬ್ಬ ಡ್ರೈವರ್. ಮೂರೂವರೆ ಗಂಟೆ ದಾರಿ. ಕಜಾನ್ಲಕ್ ಅನ್ನುವ ಊರಿನ ಸುತ್ತ ಗುಲಾಬಿ ತೋಟಗಳು, ಅದನ್ನು ಗುಲಾಬಿ ಕಣಿವೆ ಅಂತಲೇ ಕರೆಯುತ್ತಾರೆ. ಅಲ್ಲಿಂದ ಉತ್ತರಕ್ಕೆ ಬಾಲ್ಕನ್ ಬೆಟ್ಟಸಾಲು. ದಾರಿ ಸುತ್ತಿ ಸುತ್ತಿ ಏರುತ್ತದೆ. ಒಂದು ತಿರುವು ದಾಟಿದ ಮೇಲೆ ತಲೆ ಎತ್ತಿದರೆ, ಬೋಳು ಬೆಟ್ಟದ ನೆತ್ತಿಯ ಮೇಲೆ ಒಂದು ದೊಡ್ಡ ತಟ್ಟೆ ಕೂತಿದೆ. ಕಾಂಕ್ರೀಟಿನದು, ದುಂಡಗೆ. ಪಕ್ಕದಲ್ಲಿ 70 ಮೀಟರ್ ಗೋಪುರ. ಗೋಪುರದ ಎರಡೂ ಬದಿಗೆ ಕೆಂಪು ಗಾಜಿನ ನಕ್ಷತ್ರ, ಒಂದೊಂದೂ 12 ಮೀಟರ್. ಆ ನಕ್ಷತ್ರ ಮಾಣಿಕ್ಯದ್ದು ಅಂತ ನಂಬಿ ಆಮೇಲಿನ ಕಾಲದಲ್ಲಿ ಯಾರೋ ಗುಂಡು ಹೊಡೆದು ನೋಡಿದರಂತೆ. ಬರೀ ಗಾಜು.

ಕಥೆ ಚಿಕ್ಕದಾಗಿ ಹೇಳುತ್ತೇನೆ. 1891ರಲ್ಲಿ ಇದೇ ಬೆಟ್ಟದ ಮೇಲೆ ದಿಮಿತರ್ ಬ್ಲಾಗೋಯೆವ್ ಮತ್ತು ಸಂಗಡಿಗರು ಗುಟ್ಟಾಗಿ ಸೇರಿ ಸಮಾಜವಾದಿ ಪಕ್ಷ ಶುರು ಮಾಡಿದರು. ಅದರಿಂದಲೇ ಮುಂದೆ ಕಮ್ಯುನಿಸ್ಟ್ ಪಕ್ಷ ಬೆಳೆಯಿತು. ಅದರ ನೆನಪಿಗೆ 1974ರಲ್ಲಿ ಈ ಕಟ್ಟಡದ ಕೆಲಸ ಶುರುವಾಗಿ 1981ರಲ್ಲಿ ಮುಗಿಯಿತು. ವಾಸ್ತುಶಿಲ್ಪಿ ಗಿಯೋರ್ಗಿ ಸ್ತೋಯಿಲೋವ್. ಜಾಗ ಸಮ ಮಾಡುವುದಕ್ಕೆ ಬೆಟ್ಟದ ನೆತ್ತಿಯನ್ನೇ ಸಿಡಿಮದ್ದು ಇಟ್ಟು 9 ಮೀಟರಿನಷ್ಟು ಇಳಿಸಿದರು. ಕಟ್ಟಿಸಿದವನು ತೊದೊರ್ ಜಿವ್ಕೋವ್, 1954ರಿಂದ 1989ರವರೆಗೆ ಪಕ್ಷವನ್ನು ಕೈಯಲ್ಲಿ ಹಿಡಿದುಕೊಂಡಿದ್ದವನು. ಅವನ ಮುಖವೂ ಒಳಗಿನ ಗೋಡೆಯ ಮೇಲಿತ್ತು. ಅವನು ಇಳಿದ ಮೇಲೆ ಯಾರೋ ಆ ಮುಖವನ್ನಷ್ಟೇ ಕೆತ್ತಿ ತೆಗೆದರು. ಕಟ್ಟಿಸಿದವನ ಕಥೆ ಅಲ್ಲಿಗೆ ಮುಗಿಯಿತು, ಅದಕ್ಕಿಂತ ಜಾಸ್ತಿ ಹೊತ್ತು ಕೊಡಲು ನನಗೆ ಇಷ್ಟವಿಲ್ಲ.

ಕಟ್ಟಿದವರು? 6,000ಕ್ಕೂ ಜಾಸ್ತಿ ಜನ. ಕಲಾವಿದರೇ 60ಕ್ಕೂ ಹೆಚ್ಚು. ಖರ್ಚು ಸುಮಾರು 1 ಕೋಟಿ 40 ಲಕ್ಷ ಲೆವಾ. ಆ ದುಡ್ಡು ಬಂದಿದ್ದು ದೇಣಿಗೆಯಿಂದ. ಚಿಕ್ಕ ಚಿಕ್ಕ ಸ್ಟಾಂಪ್ ಅಚ್ಚು ಹಾಕಿಸಿ ಊರೂರಲ್ಲಿ ಮಾರಿದರು. ಹೆಸರಿಗೆ ದೇಣಿಗೆ. ಬೇಡ ಅನ್ನುವುದು ಆ ಕಾಲದಲ್ಲಿ ಸುಲಭ ಇರಲಿಲ್ಲ, ಅಲ್ವಾ?

ಈಗ ನಮ್ಮ ಡ್ರೈವರ್ ವಿಷಯಕ್ಕೆ ಬರುತ್ತೇನೆ. ಈ ಭಾಷಣ ಒಪ್ಪಿಕೊಂಡಿದ್ದೇ ಅವರ ಕಥೆ ಹೇಳಬೇಕು ಅಂತ.

ಅರವತ್ತು ದಾಟಿದ ಮನುಷ್ಯ. ದಪ್ಪ ಬೆರಳು, ಮಾತು ಕಮ್ಮಿ. ಗೈಡ್ ಹುಡುಗಿ ಅವರನ್ನು "ಚಿಚೊ" ಅಂತ ಕರೆಯುತ್ತಿದ್ದಳು. ಅವರ ಭಾಷೆಯಲ್ಲಿ ಚಿಚೊ ಅಂದರೆ ಅಪ್ಪನ ತಮ್ಮನೋ ಅಣ್ಣನೋ. ಹೊರಗಿನವರಲ್ಲೂ ಹಿರಿಯರಿದ್ದರೆ ಹಾಗೇ ಕರೆಯುತ್ತಾರೆ. ನಾವು ಚಿಕ್ಕಪ್ಪ, ದೊಡ್ಡಪ್ಪ ಅನ್ನುತ್ತೇವಲ್ಲ, ಹಾಗೆ. ಮೇಲೆ ತಲುಪಿದ ಮೇಲೆ ಅವಳು ಹೇಳಿದಳು, "ಚಿಚೊ ಇಲ್ಲಿ ಕೆಲಸ ಮಾಡಿದವರು." ನಾನು ಅವರ ಕಡೆ ತಿರುಗಿ ಹೌದಾ ಅಂತ ಕೇಳಿದೆ. ಅವರು ಅಡ್ಡಡ್ಡ ತಲೆ ಅಲ್ಲಾಡಿಸಿದರು. ಇಲ್ಲ ಅಂತಿದ್ದಾರೆ ಅಂದುಕೊಂಡು ನಾನು ಸುಮ್ಮನಾದೆ. ಹುಡುಗಿ ನಕ್ಕುಬಿಟ್ಟಳು. ಬಲ್ಗೇರಿಯಾದಲ್ಲಿ ತಲೆ ಅಡ್ಡ ಆಡಿಸಿದರೆ ಹೌದು ಅಂತ. ಮೇಲೆ ಕೆಳಗೆ ಆಡಿಸಿದರೆ ಇಲ್ಲ. ನೀವು ಹೋದರೆ ಇದು ನೆನಪಿರಲಿ, ಹೋಟೆಲಿನಲ್ಲಿ ಊಟ ಹೇಳುವಾಗ ಬೇಕಾಗುತ್ತದೆ.

ಇಪ್ಪತ್ತರ ವಯಸ್ಸಿನಲ್ಲಿ ಅವರು ಸೇನೆಯ ಕಟ್ಟಡದ ಪಡೆಯಲ್ಲಿದ್ದರು. ಆಗ ಅಲ್ಲಿ ಗಂಡುಮಕ್ಕಳೆಲ್ಲ ಸೇನೆಗೆ ಹೋಗಲೇಬೇಕು. ಈ ಪಡೆಯವರು ಬಂದೂಕಿಗಿಂತ ಸಲಿಕೆ ಹಿಡಿದದ್ದೇ ಜಾಸ್ತಿ. ಆ ಬೆಟ್ಟದ ಗಾಳಿ ಹೇಗಿದೆ ಅಂದರೆ, ನಾವು ನಿಂತಿದ್ದ ಆ ಬೇಸಿಗೆಯ ದಿನವೂ ನನ್ನ ಟೋಪಿ ನಿಲ್ಲಲಿಲ್ಲ. ಅಂಥ ಗಾಳಿಯಲ್ಲಿ ಅವರು ಸಿಮೆಂಟ್ ಚೀಲ ಹೊತ್ತವರು.

ಕಟ್ಟಡದ ಒಳಗೆ ಈಗ ಬಿಡುವುದಿಲ್ಲ. 1989ರ ನಂತರ ಬೀಗ ಹಾಕಿ ಮರೆತುಬಿಟ್ಟರು, ಛಾವಣಿಯ ತಾಮ್ರದ ತಗಡು ಕದ್ದುಕೊಂಡು ಹೋದರು, ಮಳೆ ಹಿಮ ಎಲ್ಲ ಒಳಗೆ ಸುರಿಯಿತು. ಅಪಾಯ ಅಂತ 2018ರಿಂದ ಕಾವಲು ಹಾಕಿದ್ದಾರೆ. ಹೊರಗೆ ಸುತ್ತು ಬರಬಹುದು. ಬಾಗಿಲಿನ ಎರಡೂ ಕಡೆ ಆಳೆತ್ತರದ ಕಾಂಕ್ರೀಟ್ ಅಕ್ಷರದಲ್ಲಿ ಕಾರ್ಮಿಕರ ಹಾಡಿನ ಸಾಲುಗಳಿವೆ, ಅರ್ಧ ಅಕ್ಷರ ಉದುರಿವೆ. ಗೈಡ್ ಅದನ್ನೇ ಓದಿ ಹೇಳುತ್ತಿದ್ದಳು. ಅಷ್ಟರಲ್ಲಿ ನಮ್ಮ ಗುಂಪಿನ ಒಬ್ಬ ಯುವಕ ಬಗ್ಗಿ ನೆಲದಿಂದ ಏನೋ ಎತ್ತಿ ಜೇಬಿಗೆ ಹಾಕಿಕೊಂಡ. ಚಿಚೊ ನೋಡಿದರು. ಹತ್ತಿರ ಹೋಗಿ ಕೈ ಚಾಚಿದರು, ಅಷ್ಟೇ. ಬೈಯಲಿಲ್ಲ. ಹುಡುಗ ಸ್ವಲ್ಪ ಹೊತ್ತು ನೋಡಿ ಅದನ್ನು ಅವರ ಅಂಗೈಗೆ ಹಾಕಿದ.

ಒಂದು ಗಾಜಿನ ಚೂರು. ಹೆಬ್ಬೆರಳಿನ ಉಗುರಿನಷ್ಟು. ಧೂಳು ಮೆತ್ತಿ ಬೂದಿ ಬಣ್ಣಕ್ಕೆ ತಿರುಗಿತ್ತು, ಹಿಂದೆ ಗಾರೆ ಅಂಟಿಕೊಂಡಿತ್ತು. ಅವರು ಹೆಬ್ಬೆರಳು ನಾಲಿಗೆಗೆ ಒತ್ತಿ ಅದರ ಮೇಲೆ ಉಜ್ಜಿದರು. ಕೆಂಪು ಬಂತು ನೋಡಿ. ಸುಮ್ನೆ ಕೆಂಪಲ್ಲ, ಒಡೆದ ದಾಳಿಂಬೆ ಬೀಜದ ಕೆಂಪು.

ನಾನು ಮಕ್ಕಳಿಗೆ ವರ್ಷಗಟ್ಟಲೆ ಹೇಳಿಕೊಟ್ಟಿದ್ದು ಇದನ್ನೇ. ಮೊಸಾಯಿಕ್‌ಗೆ, ಅಂದರೆ ಚೂರು ಜೋಡಿಸಿ ಗೋಡೆ ಮೇಲೆ ಮಾಡುವ ಚಿತ್ರಕ್ಕೆ, ಹಾಕುವ ಈ ಗಾಜಿಗೆ ಸ್ಮಾಲ್ಟ್ ಅಂತಾರೆ. ಗಾಜು ಕರಗಿಸಿ ಬಣ್ಣ ಬೆರೆಸಿ ದಪ್ಪ ಬಿಲ್ಲೆ ಮಾಡುತ್ತಾರೆ. ತಣ್ಣಗಾದ ಮೇಲೆ ಸುತ್ತಿಗೆಯಲ್ಲಿ ಚೂರು ಮಾಡುತ್ತಾರೆ. ಒಡೆದ ಮುಖ ಹೊರಗೆ ಬರುವ ಹಾಗೆ ಗಾರೆಗೆ ಒತ್ತುತ್ತಾರೆ, ಒಂದೊಂದು ಚೂರು ಒಂದೊಂದು ಓರೆಯಲ್ಲಿ. ಅದಕ್ಕೇ ನೀವು ನಡೆದ ಹಾಗೆ ಗೋಡೆ ಮಿನುಗುತ್ತದೆ. ಯಂತ್ರ ಇದನ್ನು ಮಾಡುವುದಿಲ್ಲ. ಬುಜ್ಲುಜಾದ ಮೊಸಾಯಿಕ್ 900 ಚದರ ಮೀಟರಿಗೂ ಜಾಸ್ತಿ. ಒಳಗಿನದ್ದು ಇಂಥ ಗಾಜಿನದು, ಹೊರ ಪಡಸಾಲೆಯದ್ದು ದೇಶದ ಹೊಳೆಗಳಿಂದ ಆಯ್ದು ತಂದ ಕಲ್ಲುಗಳದ್ದು. ಪ್ರತಿ ಚೂರನ್ನೂ ಯಾರೋ ಒಬ್ಬರು ಎರಡು ಬೆರಳಲ್ಲಿ ಹಿಡಿದು, ಬೆಳಕು ಎತ್ತ ಬೀಳುತ್ತದೆ ಅಂತ ನೋಡಿ ಕೂರಿಸಿದ್ದಾರೆ. ಮಾರ್ಕ್ಸ್ ಗಡ್ಡವೋ ಲೆನಿನ್ ಹಣೆಯೋ ಅನ್ನುವುದು ಕಟ್ಟಿಸಿದವರ ವಿಷಯ. ಆ ಓರೆ ಇದೆಯಲ್ಲ, ಅದು ಕಟ್ಟಿದವರದ್ದು.

ಚಿಚೊ ಆ ಚೂರನ್ನು ತೆಗೆದುಕೊಂಡು ಹೋಗಿ ಕಾವಲುಗಾರನ ಕೈಗೆ ಕೊಟ್ಟು ಬಂದರು. ಕಾವಲುಗಾರನ ಹತ್ತಿರ ಅದಕ್ಕೇ ಅಂತ ಒಂದು ಡಬ್ಬಿ ಇತ್ತು. ನಾನು ಹುಡುಗಿಯ ಮೂಲಕ ಕೇಳಿದೆ, ನೀವು ಕಮ್ಯುನಿಸ್ಟರಾ ಅಂತ. ಈ ಸಲ ಅವರು ತಲೆಯನ್ನು ಮೇಲೆ ಕೆಳಗೆ ಆಡಿಸಿದರು. ಅಂದರೆ ಇಲ್ಲ. ಅವರ ತಾತನ ಜಮೀನನ್ನು ಸಾಮೂಹಿಕ ಬೇಸಾಯಕ್ಕೆ ಅಂತ ಕಿತ್ತುಕೊಂಡಿದ್ದರಂತೆ, ತಾತ ಸಾಯುವವರೆಗೂ ಆ ಹೊಲದ ಬದುವಿನ ಮೇಲೆ ಕಾಲಿಡಲಿಲ್ಲವಂತೆ. ಹಾಗಿದ್ದರೂ ಈ ಕಟ್ಟಡ ಉಳಿಯಬೇಕು ಅಂತೀರಾ ಅಂದೆ. ಅವರು ಅಂದದ್ದು ಇಷ್ಟು: "ನಮ್ಮಮ್ಮನ ಸಂಬಳದಲ್ಲಿ ಸ್ಟಾಂಪ್ ದುಡ್ಡು ಹಿಡಿದರು. ನಾನು ಸಿಮೆಂಟ್ ಹೊತ್ತೆ. ಇದು ಅವರದ್ದು ಹೇಗಾಗುತ್ತದೆ?"

ನೋಡಿ, ನನಗೆ ಕೊಟ್ಟ ಹೊತ್ತು ಅರ್ಧಕ್ಕಿಂತ ಜಾಸ್ತಿ ಇದಕ್ಕೇ ಹೋಯಿತು. ಹೋಗಲಿ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಸೋಫಿಯಾದಲ್ಲಿ ಕಮ್ಯುನಿಸ್ಟ್ ನಾಯಕ ಗಿಯೋರ್ಗಿ ದಿಮಿತ್ರೋವ್ ಸಮಾಧಿ ಭವನ ಇತ್ತು. 1949ರಲ್ಲಿ ಆರೇ ದಿನದಲ್ಲಿ ಕಟ್ಟಿದ್ದು. 1999ರಲ್ಲಿ ಸರ್ಕಾರ ಅದನ್ನು ಒಡೆಯಲು ಹೊರಟಾಗ ಮೊದಲ ಸಲ ಮದ್ದು ಸಿಡಿಸಿದರೆ ಕಟ್ಟಡ ಬರೀ ವಾಲಿತು. ನಾಲ್ಕು ಸಲ ಸಿಡಿಸಬೇಕಾಯಿತು. ಈಗ ಆ ಜಾಗದಲ್ಲಿ ಅದು ಇಲ್ಲ. ಹೋಗಿ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಕೇಳುವುದಕ್ಕೂ ಏನೂ ಹೊಳೆಯುವುದಿಲ್ಲ. ಸೋವಿಯತ್ ಸೇನೆಯ ಸ್ಮಾರಕ 1954ರದ್ದು. 2011ರಲ್ಲಿ ಒಂದು ರಾತ್ರಿ ಯಾರೋ ಅದರ ಸೈನಿಕರಿಗೆ ಸೂಪರ್‌ಮ್ಯಾನ್, ಸಾಂತಾಕ್ಲಾಸ್ ವೇಷದ ಬಣ್ಣ ಬಳಿದರು. 2023ರ ಡಿಸೆಂಬರಿನಲ್ಲಿ ಮೇಲಿನ ಕಂಚಿನ ಪ್ರತಿಮೆಗಳನ್ನು ಇಳಿಸಿದರು. ಉಕ್ರೇನಿನ ಯುದ್ಧದ ಹೊತ್ತಿನಲ್ಲಿ ಆ ಜನರಿಗೆ ಅದನ್ನು ನೋಡುವುದು ಕಷ್ಟ, ನನಗೆ ಅರ್ಥವಾಗುತ್ತದೆ. ಆದರೆ ಇಳಿಸುವವರು ಜೋಪಾನವಾಗಿ ಇಳಿಸಬೇಕು, ಎಲ್ಲೋ ಒಂದು ಕಡೆ ಇಡಬೇಕು. ಎರಕ ಹೊಯ್ದವರ ಕೈಯೂ ಅದರಲ್ಲಿದೆ.

ಹಾಗೆ ಇಟ್ಟಿರುವ ಜಾಗವೂ ಸೋಫಿಯಾದಲ್ಲೇ ಇದೆ. ಸಮಾಜವಾದಿ ಕಲೆಯ ಮ್ಯೂಸಿಯಂ, 2011ರಲ್ಲಿ ತೆರೆದದ್ದು. ತೋಟದಲ್ಲಿ ಹುಲ್ಲಿನ ಮೇಲೆ ಪ್ರತಿಮೆಗಳು. ಊರ ನಡುವೆ ನಿಂತಿದ್ದ ಲೆನಿನ್ ಅಲ್ಲಿದ್ದಾನೆ, ಪಕ್ಷದ ಕಚೇರಿಯ ನೆತ್ತಿಯಲ್ಲಿದ್ದ ಕೆಂಪು ನಕ್ಷತ್ರ ಅಲ್ಲಿದೆ, ಈಗ ನಿಮ್ಮ ಕೈಗೆ ಸಿಗುವಷ್ಟು ಕೆಳಗೆ. ಎಲ್ಲರೂ ಲೆನಿನ್ ಮುಂದೆ ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಕ್ಕದಲ್ಲಿ ಕೆಲಸಗಾರರ, ರೈತ ಹೆಂಗಸರ ಪ್ರತಿಮೆಗಳಿವೆ. ಅವುಗಳ ಹಿಂದಕ್ಕೆ ಹೋಗಿ ನೋಡಿ. ಶಿಲ್ಪಿ ಕದ್ದು ಖುಷಿಪಟ್ಟು ಮಾಡಿದ ಕೆಲಸ ಯಾವಾಗಲೂ ಹಿಂಬದಿಯಲ್ಲಿರುತ್ತದೆ, ಸೆರಗಿನ ಮಡಿಕೆಯಲ್ಲಿ, ಹಿಮ್ಮಡಿಯಲ್ಲಿ. ಮುಂದಿನ ಮುಖವನ್ನು ಕಟ್ಟಿಸಿದವರು ಬಂದು ಪರೀಕ್ಷೆ ಮಾಡುತ್ತಾರೆ. ಹಿಂದೆ ಯಾರು ನೋಡುತ್ತಾರೆ?

ಬುಜ್ಲುಜಾ ಉಳಿಯುವ ಹಾದಿಯಲ್ಲಿದೆ. ದೋರಾ ಇವಾನೋವಾ ಅನ್ನುವ ಯುವ ವಾಸ್ತುಶಿಲ್ಪಿ ಅದಕ್ಕಾಗಿ ಒಂದು ಸಂಸ್ಥೆಯನ್ನೇ ಕಟ್ಟಿದ್ದಾರೆ. 2019ರಲ್ಲಿ ಅಮೆರಿಕದ ಗೆಟ್ಟಿ ಪ್ರತಿಷ್ಠಾನ 1,85,000 ಡಾಲರ್ ಕೊಟ್ಟಿತು, ಆಮೇಲೆ ಮೊಸಾಯಿಕ್ ಉದುರದ ಹಾಗೆ ತುರ್ತು ಕೆಲಸವೂ ಆಯಿತು. ಸಡಿಲಾದ ಚೂರನ್ನು ಗೋಡೆಯಲ್ಲೇ ಭದ್ರ ಮಾಡುವುದು ಎಷ್ಟು ನಿಧಾನದ ಕೆಲಸ ಅಂತ ನನಗೆ ಗೊತ್ತು. ಅವರಿಗೆ ನನ್ನ ನಮಸ್ಕಾರ.

ಹೋಗುವವರಿಗೆ ಎರಡು ಮಾತು. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ ಷೆಂಗೆನ್ ಅಂತಾರೆ. ಬಲ್ಗೇರಿಯಾ ಈಗ ಪೂರ್ತಿ ಅದರ ಒಳಗಿದೆ, ಮಕ್ಕಳ ಊರಿಗೆ ಮಾಡಿಸಿದ ಷೆಂಗೆನ್ ವೀಸಾ ಸಾಕು, ಬೇರೆ ಬೇಡ. ಚಳಿಗಾಲದಲ್ಲಿ ಹೋಗಬೇಡಿ, ಬೆಟ್ಟ ಹಿಮದಲ್ಲಿ ಮುಚ್ಚಿಹೋಗುತ್ತದೆ. ಮೇ ಕೊನೆಯಲ್ಲಿ ಹೋದರೆ ಕೆಳಗೆ ಗುಲಾಬಿ ಕೊಯ್ಲು ನಡೆಯುತ್ತಿರುತ್ತದೆ, ಬಿಸಿಲೇರುವ ಮೊದಲೇ ಕೊಯ್ಯುತ್ತಾರೆ. ಗೈಡ್ ತೆಗೆದುಕೊಳ್ಳಿ, ಆದರೆ ಡ್ರೈವರ್ ಜೊತೆಗೂ ಮಾತಾಡಿ. ಮೇಲೆ ಗಾಳಿ ಜೋರು, ಸ್ವೆಟರ್ ಇಟ್ಟುಕೊಳ್ಳಿ. ನೆಲದ ಮೇಲೆ ಚೂರು ಕಂಡರೆ ಎತ್ತಿ ಕಾವಲುಗಾರನ ಕೈಗೆ ಕೊಡಿ, ಅವನ ಹತ್ತಿರ ಡಬ್ಬಿ ಇದೆ.

ನಮಸ್ಕಾರ.