ಅವ್ವ ಊರಿಗೆ ಹೊರಟಳು, ಹತ್ತು ನಿಮಿಷದ ದಾರಿ

ಬೆಳಗಿನ 6.15. ಆಟೋದಲ್ಲಿದ್ದೇನೆ, ಅದಕ್ಕೇ ಚಿತ್ರ ಇಷ್ಟು ಕುಣಿಯುತ್ತಿದೆ. ಈ ಧ್ವನಿ ಆಮೇಲೆ ಕೂತು ಸೇರಿಸಿದ್ದು. ಅಲ್ಲೇ ಮಾತಾಡಿದ್ದರೆ ನಿಮಗೆ ಗಾಳಿ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ.

ಇದು ಬಾಗಲಕೋಟೆಯ ನವನಗರ. ಅಗಲವಾದ ರಸ್ತೆ, ನೇರವಾದ ರಸ್ತೆ, ಎಲ್ಲಿ ನೋಡಿದರೂ ಸೆಕ್ಟರ್ ನಂಬರ್. ವಿಳಾಸ ಹೇಳುವುದು ತುಂಬಾ ಸುಲಭ. ನನಗೆ ಚಿಕ್ಕಂದಿನಿಂದ ಇದೇ ಬೇಜಾರು. ಓಣಿಗೆ ಹೆಸರಿರಬೇಕು ರೀ, ನಂಬರ್ ಅಲ್ಲ.

ಇವಳೇ ಅವ್ವ. ಗೇಟಿನ ಹತ್ತಿರ ನಿಂತಿದ್ದಾಳೆ, ಕ್ಯಾಮೆರಾ ನೋಡಿ ಸೆರಗು ಸರಿ ಮಾಡಿಕೊಳ್ಳುತ್ತಿದ್ದಾಳೆ. "ಅದನ್ನ ಬಂದ್ ಮಾಡಿ ಮೊದ್ಲ ಮಾರಿ ತೊಳ್ಕೋ ಹೋಗ" ಅಂದಳು. ಆ ಭಾಗ ತೆಗೆದಿದ್ದೇನೆ.

ತಿಂಡಿಗೆ ಸೂಸಲಾ, ಜೊತೆಗೆ ಮಿರ್ಚಿ. ಮಾಡುವುದು ಕಾಣುತ್ತಿದೆ, ನಾನು ಹೇಳುವುದಿಲ್ಲ. ಜಗತ್ತಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ತಿಂಡಿ ಇದು. ಚುರುಮುರಿಯನ್ನು ನೀರಿನಿಂದ ಯಾವಾಗ ತೆಗೆಯಬೇಕು ಅನ್ನುವುದು ಅವ್ವನ ಕೈಗೆ ಗೊತ್ತು. ನಾನು ಬೆಂಗಳೂರಿನಲ್ಲಿ ಮಾಡಿದರೆ ಮುದ್ದೆಯಾಗುತ್ತದೆ.

ಸರಿ, ನಾನು ಬಂದಿದ್ದು ಈ ಟ್ರಂಕಿಗಾಗಿ. ಇದು ಆಯಿಯದು. ಆಯಿ ಅಂದರೆ ನಮ್ಮ ಅಪ್ಪನ ತಾಯಿ, ತೀರಿಕೊಂಡು ಮೂರು ವರ್ಷ ಆಯಿತು. ಮೇಲಿರುವುದೆಲ್ಲ ಗುಳೇದಗುಡ್ಡದ ಖಣದ ಕುಬಸಗಳು, ಅಂದರೆ ರವಿಕೆಗಳು. ಅವುಗಳ ಕೆಳಗೆ ಇದು. ಕರಿ ಚಂದ್ರಕಾಳಿ, ಇಳಕಲ್ ಸೀರೆ.

ಹತ್ತಿರದಿಂದ ತೋರಿಸುತ್ತೇನೆ ಇರಿ. ಒಡಲು ಕರಿ, ಸೆರಗು ಕೆಂಪು. ಕೆಂಪು ಪಟ್ಟಿಗಳ ನಡುವೆ ಬಾಚಣಿಗೆ ಹಲ್ಲಿನ ಹಾಗೆ ಬಿಳಿ ಎಳೆಗಳು ಎದ್ದಿವೆ, ಕಾಣಿಸಿತಾ? ಇದಕ್ಕೆ ಟೋಪ್ ತೆನಿ ಸೆರಗು ಅನ್ನುತ್ತಾರೆ. ಇಲ್ಲಿ ಒಡಲು ಮತ್ತು ಸೆರಗು ಸೇರುವ ಗೆರೆ ಇದೆಯಲ್ಲ, ಅದನ್ನು ಹೊಲಿದಿಲ್ಲ. ಹಾಸು ಅಂದರೆ ಉದ್ದಕ್ಕೆ ಹೋಗುವ ಎಳೆ. ಒಡಲಿನ ಹಾಸಿನ ಎಳೆಯನ್ನೂ ಸೆರಗಿನ ಹಾಸಿನ ಎಳೆಯನ್ನೂ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸುತ್ತಾರೆ, ಆಮೇಲೆ ನೇಯುತ್ತಾರೆ. ಬೆರಳಾಡಿಸಿದರೆ ಗಂಟು ಗಂಟಾಗಿ ತಾಗುತ್ತದೆ. ಚಿಕ್ಕವಳಿದ್ದಾಗ ಆಯಿಯ ಮಗ್ಗುಲಲ್ಲಿ ಮಲಗಿ ಇದನ್ನೇ ಸವರುತ್ತಿದ್ದೆ, ನಿದ್ದೆ ಬರುವವರೆಗೆ.

ಈಗ ಈ ಕಡೆಯ ಹಲ್ಲು ನೋಡಿ. ಬಿಳಿ ಅಲ್ಲ, ಗುಲಾಬಿ. ಇದು ನನ್ನಿಂದ ಆಗಿದ್ದು. ಇಲ್ಲ, ನನ್ನಿಂದ ಮಾತ್ರ ಅಲ್ಲ, ಪೂರ್ತಿ ಹೇಳುತ್ತೇನೆ.

ಹೋದ ದೀಪಾವಳಿಗೆ ಉಡೋಣ ಅಂತ ಇದನ್ನು ಬೆಂಗಳೂರಿಗೆ ತೆಗೆದುಕೊಂಡು ಹೋಗಿದ್ದೆ. ನಮ್ಮ ಏರಿಯಾದ ಒಂದು ಡ್ರೈಕ್ಲೀನಿಂಗ್ ಅಂಗಡಿಗೆ ಕೊಟ್ಟೆ. ಅಲ್ಲಿ ಸಾದಾ ಸೀರೆಗೆ 180 ರೂಪಾಯಿ. ಇದನ್ನು ಮುಟ್ಟಿ ನೋಡಿ "ಸಿಲ್ಕ್ ಮಿಕ್ಸ್ ಇದೆ ಮೇಡಂ, 450 ಆಗುತ್ತೆ" ಅಂದರು. ಕೊಟ್ಟೆ. ಆಯಿಯ ಸೀರೆ, ಅದಕ್ಕೆ ಚೌಕಾಸಿ ಮಾಡುವುದು ಬೇಡ ಅನಿಸಿತು. ಹಳೆಯ ಕೆಂಪು, ಬಣ್ಣ ಬಿಡಬಹುದು, ನೀರು ಮುಟ್ಟಿಸಬೇಡಿ ಅಂತ ಎರಡು ಸಲ ಹೇಳಿದೆ. ಚೀಟಿಯಲ್ಲಿ ಬರೆಸಿದೆ ಕೂಡ. ನಾಲ್ಕು ದಿನಕ್ಕೆ ಬನ್ನಿ ಅಂದರು, ಒಂಬತ್ತನೇ ದಿನಕ್ಕೆ ಸಿಕ್ಕಿತು. ಪ್ಲಾಸ್ಟಿಕ್ ಕವರಿನಲ್ಲಿ, ಕರಿ ಒಡಲು ಮೇಲೆ ಬರುವ ಹಾಗೆ ಮಡಚಿದ್ದರು. ಮನೆಗೆ ಬಂದು ಬಿಚ್ಚಿದರೆ ಸೆರಗಿನ ಅರ್ಧ ಭಾಗ ಹೀಗೆ. ನೀರಿಗೆ ಹಾಕಿದ್ದಾರೆ, ಸಂಶಯವೇ ಇಲ್ಲ. ವಾಪಸ್ ಓಡಿದೆ. "ಹಳೇ ಸೀರೆ ಮೇಡಂ, ನಾವೇನ್ ಮಾಡೋಕಾಗುತ್ತೆ" ಅಂದರು. ಚೀಟಿ ತಿರುಗಿಸಿ ತೋರಿಸಿದರು, ಬಣ್ಣ ಹೋದರೆ ಅಂಗಡಿ ಜವಾಬ್ದಾರಿ ಅಲ್ಲ ಅಂತ ಹಿಂದೆ ಅಚ್ಚಾಗಿತ್ತು. ನಾನು ಬರೆಸಿದ್ದು ಮುಂದುಗಡೆ ಇತ್ತು. ಮುಂದಿನ ಸಲ 200 ರೂಪಾಯಿ ಬಿಡುತ್ತೇವೆ ಅಂದರು. ಅಲ್ಲಿ ನಿಂತು ಅತ್ತುಬಿಟ್ಟೆ. ದುಡ್ಡಿಗಲ್ಲ. ಆಯಿ ಇದನ್ನು 40 ವರ್ಷ ಬಚ್ಚಲಲ್ಲಿ ತಾನೇ ಒಗೆದುಕೊಂಡಿದ್ದಳು, ಒಂದು ಹನಿ ಬಣ್ಣ ಬಿಟ್ಟಿರಲಿಲ್ಲ.

ಸೀರೆಯನ್ನು ಸುಮ್ಮನೆ ಟ್ರಂಕಿಗೆ ವಾಪಸ್ ಸೇರಿಸಿದ್ದೆ, ಆರು ತಿಂಗಳು ಅವ್ವನಿಗೆ ಹೇಳಿರಲಿಲ್ಲ. ಹೇಳುವುದಕ್ಕೇ ಇವತ್ತು ಬಂದೆ. ಈ ಶಾಟ್‌ನಲ್ಲಿ ಅವಳು ಸೀರೆ ಹಿಡಿದು ಕಿಟಕಿಯ ಹತ್ತಿರ ಹೋಗಿದ್ದಾಳೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಸುಮ್ನೆ ನೋಡಿದಳು, ನೋಡಿದಳು, ಆಮೇಲೆ "ಇವತ್ತ ನಾನs ಉಡ್ತೇನಿ. ಊರಿಗೆ ಹೋಗಿ ಬರೂಣು" ಅಂದಳು.

ಊರು ಅನ್ನುವ ಮಾತು ಕೇಳಿದಿರಾ? ಬೇರೆಯವರು ಊರಿಗೆ ಹೋಗುತ್ತೇನೆ ಅಂದರೆ ಬಸ್ಸು, ಬ್ಯಾಗು, ರಜೆ. ನಮ್ಮ ಅವ್ವ ಊರು ಅನ್ನುವುದು ಹಳೇ ಬಾಗಲಕೋಟೆಗೆ, ಸ್ಕೂಟಿಯಲ್ಲಿ ಹತ್ತು ನಿಮಿಷ. ನವನಗರಕ್ಕೆ ಬಂದು ಇಪ್ಪತ್ತು ವರ್ಷ ದಾಟಿದೆ, ಇದನ್ನು ಅವಳು ಒಂದು ಸಲವೂ ಊರು ಅಂದಿಲ್ಲ. ಇದು ಮನೆ, ಅದು ಊರು.

ಹೊರಡುವ ಮುಂಚೆ ಹಿತ್ತಲಿಗೆ ಬನ್ನಿ. ಗೋಡೆಗೆ ಒರಗಿಸಿರುವುದು ಹಳೇ ಮನೆಯ ತಲಬಾಗಿಲು. ಆಲಮಟ್ಟಿ ಅಣೆಕಟ್ಟಿನ ನೀರಿನಲ್ಲಿ ನಮ್ಮ ಓಣಿ ಮುಳುಗಡೆ ಆದಾಗ ಅಪ್ಪ ಕಿತ್ತು ತಂದದ್ದು. ಹೊಸ ಮನೆಗೆ ಕೂರಲಿಲ್ಲ, ಬಹಳ ಗಿಡ್ಡ. ಒಳಗೆ ಬರುವವರು ತಲೆ ಬಗ್ಗಿಸಿಯೇ ಬರಬೇಕಿತ್ತು. ಹೊಸ ಮನೆಯ ಬಾಗಿಲು ಏಳು ಅಡಿ. ಆಯಿ ಅದರಲ್ಲೂ ಕೊನೆಯವರೆಗೆ ತಲೆ ಬಗ್ಗಿಸಿಯೇ ಒಳಗೆ ಬರುತ್ತಿದ್ದಳು. ಈ ಬಾಗಿಲು ಮಾರಿ ಅಂತ ಯಾರ್ಯಾರೋ ಕೇಳಿದ್ದಾರೆ. ನಾನು ಕೊಡುವುದಿಲ್ಲ. ನನ್ನ ಇಷ್ಟದ ವಸ್ತು ಯಾವುದು ಅಂತ ನೀವು ಕೇಳಿದ್ದಿರಲ್ಲ, ಸೀರೆ ಅಂತ ಹೇಳಬೇಕು ಅಂದುಕೊಂಡಿದ್ದೆ. ಈಗ ನೋಡಿದರೆ ಈ ಬಾಗಿಲು.

ಸ್ಕೂಟಿ. ಅವ್ವ ಹಿಂದೆ ಕೂತಿದ್ದಾಳೆ.

ದಾರಿಯಲ್ಲಿ ಇನ್ನೊಂದು ಪ್ರಶ್ನೆಗೆ ಉತ್ತರ. ವಿಡಿಯೋದಲ್ಲಿ ನಿಮ್ಮ ಕಡೆಯ ಭಾಷೆಯನ್ನೇ ಯಾಕೆ ಮಾತಾಡುವುದಿಲ್ಲ ಅಂತ ಕೇಳುತ್ತೀರಿ. ಕಾಲೇಜಿಗೆ ಅಂತ ಬೆಂಗಳೂರಿಗೆ ಬಂದಾಗ ಮೊದಲ ವಾರವೇ ಹಾಸ್ಟೆಲಿನಲ್ಲಿ "ಉತ್ತರ ಕರ್ನಾಟಕನಾ? ಒಂದ್ಸಲ ಮಾತಾಡಿ ತೋರಿಸು" ಅಂದರು. ಮಾತಾಡಿದೆ, ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ, ಆದರೂ ನಕ್ಕರು. ಅವತ್ತಿನಿಂದ ಅದನ್ನು ಯಾರಿಗೂ ತೋರಿಸುವುದಕ್ಕೆ ಮಾತಾಡಿಲ್ಲ. ಅವ್ವನ ಹತ್ತಿರ ಮಾತಾಡುತ್ತೇನೆ, ಕನಸಿನಲ್ಲಿ ಮಾತಾಡುತ್ತೇನೆ. ಅದು ತಪ್ಪು ನಿರ್ಧಾರ ಇರಬಹುದು. ಮುಂದೆ ಬದಲಾಗಬಹುದು.

ಬಂತು, ಇದೇ ನೀರು. ಮೇ ತಿಂಗಳು, ಅದಕ್ಕೇ ಇಷ್ಟು ಹಿಂದೆ ಸರಿದಿದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ಅಣೆಕಟ್ಟು ಇರುವುದು ಕೃಷ್ಣೆಗೆ, ನಮ್ಮ ಪಕ್ಕದಲ್ಲಿ ಹರಿಯುವುದು ಘಟಪ್ರಭೆ. ಆದರೆ ಕಟ್ಟಿ ನಿಲ್ಲಿಸಿದ ನೀರು ಹಿಂದಕ್ಕೆ ಸರಿಯುತ್ತ ಘಟಪ್ರಭೆಯ ಗುಂಟ ನಮ್ಮ ಓಣಿಯವರೆಗೂ ಬಂತು. ಸಮುದ್ರ ಮಟ್ಟದಿಂದ 519.6 ಮೀಟರ್‌ವರೆಗೆ ನೀರು ನಿಲ್ಲಿಸಿದ್ದಕ್ಕೇ ಇಷ್ಟು. 524.256 ಮೀಟರ್‌ಗೆ ಏರಿಸಬಹುದು ಅಂತ 2010ರಲ್ಲಿ ಕೃಷ್ಣಾ ನೀರಿನ ಹಂಚಿಕೆಯ ನ್ಯಾಯಮಂಡಳಿ ತೀರ್ಪು ಕೊಟ್ಟಿದೆ. ಆ ನೀರು ಎಷ್ಟೋ ಹೊಲಕ್ಕೆ ಹೋಗುತ್ತದೆ, ಬೇಡ ಅನ್ನುವ ಮನಸ್ಸು ನನಗಿಲ್ಲ. ಆದರೆ ಲೆಕ್ಕ ಮೀಟರಿನಲ್ಲಿ ಬಂದಾಗ ಅದರೊಳಗೆ ಯಾರ ಪಡಸಾಲೆ ಇದೆ ಅಂತ ಕಾಣುವುದಿಲ್ಲ.

ಅವ್ವ ಕೈ ಮಾಡಿ ತೋರಿಸುತ್ತಿದ್ದಾಳೆ ನೋಡಿ. "ಅಲ್ಲೆ ಕಟ್ಟಿ. ಅದರ ಮಗ್ಗಲ ಬೇವಿನ ಗಿಡ. ಹೋಳಿಗೆ ಅಲ್ಲಿಂದs ಬಂಡಿ ಹೋಗ್ತಿದ್ವು." ಬಾಗಲಕೋಟೆಯ ಹೋಳಿ ಗೊತ್ತಲ್ವಾ? ಬಂಡಿಯ ಮೇಲೆ ಬ್ಯಾರಲ್‌ಗಟ್ಟಲೆ ಬಣ್ಣದ ನೀರು, ಮುಂದೆ ಹಲಗಿಯ ಬಡಿತ. ನಾನು ಎರಡನೇ ಕ್ಲಾಸು, ಆಯಿಯ ಸೆರಗಿನ ಒಳಗೆ ಅವಿತು ನೋಡುತ್ತಿದ್ದೆ. ಇದೇ ಸೆರಗು ಅಂತ ಹೇಳುವ ಆಸೆ ಆಗುತ್ತಿದೆ, ಆದರೆ ಹೋಳಿಗೆ ಯಾರಾದರೂ ಚಂದ್ರಕಾಳಿ ಉಡುತ್ತಾರಾ? ಬೇರೆ ಯಾವುದೋ ಹಳೇ ಸೀರೆ ಇರಬೇಕು.

ವಾಪಸ್ ಬರುತ್ತಾ ಇನ್ನೂ ಉಳಿದಿರುವ ಓಣಿಗೆ ಹೋದೆವು. ಕಟ್ಟೆಯ ಮೇಲೆ ಕೂತಿರುವ ಈ ಅಜ್ಜಿಯ ಮುಖ ತೋರಿಸುತ್ತಿಲ್ಲ, ಬೇಡ ಅಂದರು. ಅವ್ವನನ್ನು ಗುರುತು ಹಿಡಿಯಲಿಲ್ಲ. ಸೀರೆ ನೋಡಿದರು. "ಇದು ನಿಮ್ಮ ಅತ್ತೀದಲ್ಲೇನs?" ಅಂದರು. ಸೆರಗನ್ನು ಕೈಗೆ ತೆಗೆದುಕೊಂಡು ಗುಲಾಬಿ ಹಲ್ಲಿನ ಮೇಲೆ ಹೆಬ್ಬೆರಳು ತಿಕ್ಕಿ, "ಯಾರವ್ವಾ ಇದನ್ನ ಕೆಡಿಸಿದವ್ರು?" ಅಂತ ಕೇಳಿದರು.

ಅವ್ವ ನನ್ನ ಕಡೆ ನೋಡಲಿಲ್ಲ. "ಬಣ್ಣ ಆಡುವಾಗ ಬಿತ್ತರಿ" ಅಂದಳು.

ಅಜ್ಜಿ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಇಬ್ಬರೂ ಮಾತಿಗೆ ಕೂತರು, ಫೋನಿನ ಮೆಮೊರಿ ತುಂಬಿತು. ಉಳಿದದ್ದು ರೆಕಾರ್ಡ್ ಆಗಿಲ್ಲ.