ಯಾವ ಕೆಲಸ ಯಾವುದಕ್ಕೆ ಕಾಯುತ್ತಿದೆ?

(ಎಂಜಿನಿಯರುಗಳ ದಿನದಂದು ಬಳ್ಳಾರಿಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯಕ್ಕೆ ಎರಡು ಸಾಲು ಉದ್ದದ ಹೆಸರು ಹಾಕಿದ್ದಾರೆ. ನಾನು ಸೈಟಿನವರ ಹಾಗೆ ಬಾರ್ ಚಾರ್ಟ್ ಅಂತಲೇ ಕರೆಯುತ್ತೇನೆ. ಒಂದೊಂದು ಕೆಲಸಕ್ಕೆ ಒಂದೊಂದು ಪಟ್ಟಿ, ಅದು ಯಾವಾಗ ಶುರು, ಯಾವಾಗ ಮುಗಿಯುತ್ತದೆ ಅಂತ ತೋರಿಸಲು. ಒಂದು ಕೆಲಸ ಇನ್ನೊಂದಕ್ಕೆ ಕಾಯಬೇಕಿದ್ದರೆ ಎರಡರ ನಡುವೆ ಒಂದು ಬಾಣ.

ಈಗ ಯಾವ ಸೈಟ್ ಆಫೀಸಿಗೆ ಹೋದರೂ ಗೋಡೆ ಮೇಲೆ ಬಣ್ಣಬಣ್ಣದ ಚಾರ್ಟ್ ಇರುತ್ತದೆ. ಪ್ರಿಮವೇರಾ ಅನ್ನುವ ಸಾಫ್ಟ್‌ವೇರಿನಲ್ಲಿ ಮಾಡಿ, ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆದು, ಸಾಹೇಬರು ಬರುವ ಹಿಂದಿನ ರಾತ್ರಿ ಅಂಟಿಸಿದ್ದು. ‘ಈ ಪಟ್ಟಿ ಇಲ್ಲಿಂದಲೇ ಯಾಕೆ ಶುರುವಾಗುತ್ತದೆ?’ ಅಂತ ಕೇಳಿ ನೋಡಿ. ‘ಟೆಂಡರಿನಲ್ಲಿ ಆ ತಾರೀಖು ಇತ್ತು ಸಾರ್’ ಅನ್ನುತ್ತಾರೆ. ನನ್ನ ತಕರಾರು ಇಷ್ಟೇ. ತಾರೀಖು ಆಮೇಲೆ ಬರಲಿ. ಯಾವ ಕೆಲಸ ಯಾವುದಕ್ಕೆ ಕಾಯುತ್ತಿದೆ, ಅದನ್ನು ಮೊದಲು ಬರೆಯಿರಿ.

ಇದರ ಚರಿತ್ರೆ ನಿಮಗೆ ಗೊತ್ತಿರುವುದೇ. ಪೋಲೆಂಡಿನ ಕರೋಲ್ ಅದಮೆಟ್ಸ್ಕಿ 1896ರಲ್ಲೇ ಇಂಥ ಚಾರ್ಟ್ ಮಾಡಿದ್ದ. ಅಮೆರಿಕದ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ತನ್ನದನ್ನು ಬಳಕೆಗೆ ತಂದ, ಹೆಸರು ಅವನಿಗೆ ಹೋಯಿತು. ಕಾಯುವ ಲೆಕ್ಕ ಸರಿಯಾಗಿ ಹಿಡಿತಕ್ಕೆ ಬಂದದ್ದು ಮಾತ್ರ 1957ರ ಸುಮಾರಿಗೆ, ಡ್ಯೂಪಾಂಟ್ ಕಂಪನಿಯ ಕ್ರಿಟಿಕಲ್ ಪಾತ್‌ನಲ್ಲಿ. ಯಾವ ಕೆಲಸಗಳು ತಡವಾದರೆ ಇಡೀ ಯೋಜನೆಯೇ ತಡವಾಗುತ್ತದೋ ಆ ಸಾಲೇ ಕ್ರಿಟಿಕಲ್ ಪಾತ್. ಮರುವರ್ಷ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಪರ್ಟ್ ಅನ್ನುವ ಇಂಥದೇ ಲೆಕ್ಕ ತಂದಿತು. ಪರೀಕ್ಷೆಗೆ ಇಷ್ಟು ಸಾಕು, ಮುಂದೆ ಹೋಗೋಣ.

ನಮ್ಮ ಡ್ಯಾಮಿನ ಕಥೆಗೆ ಬರುತ್ತೇನೆ. ನನ್ನ ಭಾಷಣ ಮೊದಲು ಕೇಳಿದವರು ನಗುತ್ತಿದ್ದಾರೆ. ಇರಲಿ, ಇನ್ನೊಮ್ಮೆ ಕೇಳಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ (ಹೊಳೆಗೆ ನೀರು ಬಿಡುವ ಬಾಗಿಲಿನ) ಚೈನ್ ಕಿತ್ತು, ಗೇಟು ಕೊಚ್ಚಿಕೊಂಡು ಹೋಯಿತು. ಡ್ಯಾಮು ತುಂಬಿತ್ತು, 105 ಟಿಎಂಸಿ. ಗದ್ದೆಯಲ್ಲಿ ಭತ್ತ ಇತ್ತು. ಪೂರ್ಣ ಮಟ್ಟ 1633 ಅಡಿ, ಗೇಟು ಕೂರುವ ಕ್ರೆಸ್ಟ್ 1613 ಅಡಿ. ಪುಸ್ತಕದ ಪ್ರಕಾರ ನೀರು ಆ 20 ಅಡಿ ಇಳಿಯಬೇಕು, ಆಮೇಲೆ ಹೊಸ ಗೇಟು ಕೂರಿಸಬೇಕು. ಅಂದರೆ ಅರ್ಧಕ್ಕಿಂತ ಜಾಸ್ತಿ ನೀರನ್ನು ಹೊಳೆಗೆ ಬಿಡಬೇಕು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ರೈತರಿಗೆ ಇದು ಯಾವ ಮಾತು ಅಂತ ಈ ಸಭೆಗೆ ಬಿಡಿಸಿ ಹೇಳಬೇಕಿಲ್ಲ.

ಅನುಭವಸ್ಥ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ದಾರಿ ಬೇರೆ ಇತ್ತು. 60 ಅಡಿ ಅಗಲ, 20 ಅಡಿ ಎತ್ತರದ ಒಂದೇ ಗೇಟು ಬೇಡ. 4 ಅಡಿ ಎತ್ತರದ 5 ತುಂಡು ಮಾಡೋಣ, ನೀರು ಹರಿಯುತ್ತಿರುವಾಗಲೇ ಒಂದರ ಮೇಲೊಂದು ಇಳಿಸೋಣ. ಇಲ್ಲಿ ಏನಾಯಿತು ನೋಡಿ. ಯಾರೂ ಬೇಗಬೇಗ ಮಾಡಿ ಅಂತ ಕೂಗಲಿಲ್ಲ (ಕೂಗಿರುತ್ತಾರೆ, ಬಿಡಿ). ಡ್ಯಾಮು ಖಾಲಿಯಾಗುವ ತನಕ ಕಾಯಬೇಕು ಅನ್ನುವ ಬಾಣವನ್ನೇ ಚಾರ್ಟಿನಿಂದ ತೆಗೆದುಹಾಕಿದರು. ಈ ಕಡೆ ನೀರು ಇಳಿಯುತ್ತಿತ್ತು, ಆ ಕಡೆ ಹೊಸಪೇಟೆ, ತೋರಣಗಲ್ಲಿನ ವರ್ಕ್‌ಶಾಪುಗಳಲ್ಲಿ ತುಂಡುಗಳು ತಯಾರಾಗುತ್ತಿದ್ದವು. ಮೊದಲ ಪ್ರಯತ್ನದಲ್ಲಿ ತುಂಡು ಕೂರಲಿಲ್ಲ. ಅಡ್ಡ ಬಂದದ್ದನ್ನು ತೆಗೆದು ಮತ್ತೆ ಇಳಿಸಿದರು. 16ಕ್ಕೆ ಮೊದಲನೆಯದು ಕೂತಿತು, 17ಕ್ಕೆ ಕೆಲಸ ಮುಗಿಯಿತು. ಆಮೇಲೆ ಮಳೆ ಬಂದು ಡ್ಯಾಮು ಮತ್ತೆ ತುಂಬಿತು. ಅದು ಚಾರ್ಟಿನ ಕೈಲಿರಲಿಲ್ಲ, ಮಳೆರಾಯನ ಕೈಲಿತ್ತು.

ಎಲ್ಲ ಬಾಣವನ್ನೂ ಹೀಗೆ ಅಳಿಸೋಕಾಗುತ್ತಾ? ಇಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರದಿಂದ ಬಂದವರು ಹಿಂದಿನ ಸಾಲಿನಲ್ಲಿದ್ದಾರೆ. ಯೂನಿಟ್ ಓವರ್‌ಹಾಲ್‌ಗೆ ನಿಲ್ಲಿಸಿದರೆ ಟರ್ಬೈನ್ ತಣ್ಣಗಾಗಲು ದಿನಗಟ್ಟಲೆ ಬೇಕು. ಅಲ್ಲಿಯವರೆಗೆ ಶಾಫ್ಟ್ ನಿಧಾನ ತಿರುಗುತ್ತಲೇ ಇರಬೇಕು. ಮಂತ್ರಿಗಳೇ ಫೋನ್ ಮಾಡಲಿ, ಕೇಸಿಂಗ್ ಬಿಚ್ಚುವಂತಿಲ್ಲ. ಆ ದಿನಗಳಲ್ಲಿ ಬಾಯ್ಲರಿನ ಕಡೆ ಏನು ಮುಗಿಸಬಹುದು ಅಂತ ನೋಡುವವನೇ ಪ್ಲಾನರ್.

ಇನ್ನು ಗಿಣಿಗೇರಾ–ಮಹಬೂಬ್‌ನಗರ ರೈಲು ಮಾರ್ಗ. ಮಂಜೂರಾದದ್ದು 1997-98ರಲ್ಲಿ. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ, ಸಿಂಧನೂರಿಗೆ 2024ರಲ್ಲಿ. ಇಂಥ ಕೆಲಸದಲ್ಲಿ ಹಳಿ ಹಾಕುವ ಪಟ್ಟಿ ಚಾರ್ಟಿನಲ್ಲಿ ಬಹಳ ಚಿಕ್ಕದು. ಅದರ ಹಿಂದೆ ಮಣ್ಣಿನ ಕೆಲಸ, ಸೇತುವೆ, ಅದಕ್ಕೂ ಹಿಂದೆ ಜಮೀನು, ಅದಕ್ಕೂ ಹಿಂದೆ ದುಡ್ಡು. ಮತ್ತೆ ಅದೇ ಹಾಡು ಅನ್ನಬೇಡಿ: ಯಾವ ಕೆಲಸ ಯಾವುದಕ್ಕೆ ಕಾಯುತ್ತಿದೆ?

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಫ್ಲೋಟ್, ಅಂದರೆ ಕೆಲಸಕ್ಕಿರುವ ಬಿಡುವಿನ ಬಗ್ಗೆ ಐದು ಸ್ಲೈಡ್ ಇದ್ದವು, ಒಂದೇ ಮಾತು ಹೇಳುತ್ತೇನೆ. ಒಂದು ಕೆಲಸಕ್ಕೆ ಹತ್ತು ದಿನ ಬಿಡುವಿದೆ ಅಂತ ಕಾಂಟ್ರಾಕ್ಟರ್‌ಗೆ ಗೊತ್ತಾದರೆ ಆ ಹತ್ತು ದಿನ ಮೊದಲೇ ಖರ್ಚಾಗುತ್ತದೆ. ಆಮೇಲೆ ಅದೇ ಕೆಲಸ ಕ್ರಿಟಿಕಲ್ ಆಗಿ ಕೂರುತ್ತದೆ. ಕ್ರೇನ್ ಒಂದೇ ಇದ್ದಾಗ ಎರಡು ಪಟ್ಟಿಗಳು ಒಟ್ಟಿಗೆ ಓಡಲ್ಲ ಅನ್ನುವುದು ಮುಂದಿನ ಸ್ಲೈಡ್, ಅದನ್ನೂ ಬಿಡುತ್ತೇನೆ.

ಸಾಫ್ಟ್‌ವೇರ್ ಯಾವುದು ಒಳ್ಳೆಯದು ಅಂತ ಹುಡುಗರು ಆಗಲೇ ಕೇಳಿದರು. ಪ್ರಾಜೆಕ್ಟ್‌ಲಿಬ್ರೆ, ಗ್ಯಾಂಟ್‌ಪ್ರಾಜೆಕ್ಟ್ ಪುಕ್ಕಟೆ ಸಿಗುತ್ತವೆ. ಸಣ್ಣ ಕೆಲಸಕ್ಕೆ ಎಕ್ಸೆಲ್ ಸಾಕು. ‘ಇದಕ್ಕೂ ಮುಂಚೆ ಮುಗಿಯಬೇಕಾದ ಕೆಲಸ’ ಅಂತ ಒಂದು ಕಾಲಂ ಮಾತ್ರ ಸೇರಿಸಿ, ಪ್ರತಿ ಶನಿವಾರ ನಿಜವಾದ ತಾರೀಖು ತುಂಬಿ. ಆ ಕಾಲಂ ಖಾಲಿ ಬಿಟ್ಟವರ ಬಿಲ್ ಪಾಸ್ ಮಾಡಬೇಡಿ ಅಂತ ಇಲಾಖೆಯವರಿಗೆ ಹೇಳೋಣ ಅಂದುಕೊಂಡಿದ್ದೆ. ಬಿಲ್ ಪಾಸ್ ಮಾಡುವವರು, ಬಿಲ್ ಹಾಕುವವರು ಇಬ್ಬರೂ ಮುಂದಿನ ಸಾಲಿನಲ್ಲಿ ಅಕ್ಕಪಕ್ಕ ಕೂತಿದ್ದಾರೆ. ಅವರವರೇ ಮಾತಾಡಿಕೊಳ್ಳಲಿ. ಪ್ರಶ್ನೆಗಳಿದ್ದರೆ ಕೇಳಿ.